ಅತ್ತೆಯ ರಿಪೋರ್ಟಿನಲ್ಲಿ ಕಿ-67 ಅಂತಿದೆ, 21 ದಿನದ ಗುಳಿಗೆ ಕೊಟ್ಟಿದ್ದಾರೆ. ಇದು ಕೋಶಕ್ಕೆ ಎಂತ ಮಾಡುತ್ತದೆ?

ಸೋದೆ ಹೊಳೆ (ಶಿರಸಿ)

ಎಲ್ಲರಿಗೂ ನಮಸ್ಕಾರ. ನಮ್ಮತ್ತೆಗೆ ಸ್ತನ ಕ್ಯಾನ್ಸರ್. ಎಲುಬಿಗೂ ಸ್ವಲ್ಪ ಹೋಗಿದೆ ಅಂತ ಹುಬ್ಬಳ್ಳಿಯಲ್ಲಿ ಹೇಳಿದ್ದಾರೆ. ಬಯಾಪ್ಸಿ ರಿಪೋರ್ಟಿನಲ್ಲಿ ಇಆರ್ ಪಾಸಿಟಿವ್, ಹರ್2 ನೆಗೆಟಿವ್, ಕಿ-67 ಶೇ. 25 ಅಂತ ಬರೆದಿದೆ. ಲೆಟ್ರೊಜೋಲ್ ದಿನಾ ತಗೋಬೇಕು. ಜೊತೆಗೆ ಪಾಲ್ಬೊಸಿಕ್ಲಿಬ್ ಅಂತ ಇನ್ನೊಂದು ಗುಳಿಗೆ. ಇದನ್ನು 21 ದಿನ ತಗೊಂಡು 7 ದಿನ ಬಿಡಬೇಕಂತೆ. ಇದು ಕೀಮೋ ಅಲ್ಲವಂತೆ. ಹಾಗಾದರೆ ಎಂತದು?

ಡಾಕ್ಟರ ಹತ್ತಿರ ಕೇಳಿದೆ. ‘ಕೋಶ ಎರಡಾಗೋದನ್ನ ನಿಲ್ಲಿಸುತ್ತೆ’ ಎಂದರು. ಹೊರಗೆ ಜನ ತುಂಬಿದ್ದರು, ಮತ್ತೆ ಕೇಳಲು ಮನಸ್ಸಾಗಲಿಲ್ಲ. ಬಸ್ಸಿನಲ್ಲಿ ಬರುವಾಗ ಅತ್ತೆ ಕೇಳಿದರು: ‘ಕೋಶ ಎರಡಾಗೋದು ನಿಂತರೆ ಉಳಿದ ಮೈ ಗತಿ ಎಂತ ತಮ್ಮಾ?’ ನಾನು ಓದಿದ್ದು ಕಾಮರ್ಸ್. ಗೊತ್ತಿದ್ದವರು ಬಿಡಿಸಿ ಹೇಳಿ.

ಸ್ಲೈಡ್ ನೋಡುವವ (ಕುಮಟಾ ಮೂಲ, ಈಗ ಹುಬ್ಬಳ್ಳಿ)

ಕಿ-67 ನಾನು ಹೇಳುತ್ತೇನೆ, ಲ್ಯಾಬಿನಲ್ಲಿ ದಿನಾ ನೋಡುವುದೇ ಅದು. ಅದೊಂದು ಪ್ರೋಟೀನು. ಎರಡಾಗುವ ಕೆಲಸದಲ್ಲಿ ತೊಡಗಿದ ಕೋಶದಲ್ಲಿ ಇರುತ್ತದೆ, ಸುಮ್ನೆ ಕೂತ ಕೋಶದಲ್ಲಿ ಇರುವುದಿಲ್ಲ. ಗಡ್ಡೆಯ ತುಣುಕನ್ನು ಮೇಣದಲ್ಲಿ ಹುದುಗಿಸಿ, ಮೂರ್ನಾಲ್ಕು ಮೈಕ್ರಾನ್ ದಪ್ಪಕ್ಕೆ ಹೆರೆದು ಗಾಜಿನ ಮೇಲೆ ಕೂರಿಸುತ್ತೇವೆ. ಆ ಪ್ರೋಟೀನಿಗೆ ಮಾತ್ರ ಅಂಟುವ ಬಣ್ಣ ಹಾಕಿದರೆ ಕೆಲಸದಲ್ಲಿರುವ ಕೋಶದ ಕೇಂದ್ರ ಕಂದು ಬಣ್ಣವಾಗುತ್ತದೆ, ಉಳಿದವು ನೀಲಿ. ಗಡ್ಡೆಯ ಕೋಶಗಳಲ್ಲಿ ನೂರಕ್ಕೆ ಎಷ್ಟು ಕಂದು ಅಂತ ಎಣಿಸುವುದೇ ನಿಮ್ಮ ರಿಪೋರ್ಟಿನ ಅಂಕಿ. ಶೇ. 25 ಅಂದರೆ ನಾಲ್ಕರಲ್ಲಿ ಒಂದು.

ಒಂದು ಮಾತು. ಈ ಎಣಿಕೆ ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತದೆ. ಒಂದೇ ಗಡ್ಡೆಯಲ್ಲೂ ಒಂದು ಮೂಲೆಯಲ್ಲಿ ಕಂದು ಜಾಸ್ತಿ, ಇನ್ನೊಂದು ಮೂಲೆಯಲ್ಲಿ ಕಡಿಮೆ. ಅದಕ್ಕೇ 25 ಇದ್ದದ್ದು ಇನ್ನೊಂದು ಕಡೆ 20 ಬಂತು ಅಂತ ಖುಷಿಯೂ ಬೇಡ, 30 ಬಂತು ಅಂತ ಹೆದರಿಕೆಯೂ ಬೇಡ.

ದೇವಬಾಗ್ ಟೀಚರ್ (ಕಾರವಾರ)

ನಿಮ್ಮತ್ತೆ ಕೇಳಿದ ಪ್ರಶ್ನೆ ನಮ್ಮ ಬಿಎಸ್ಸಿ ಮಕ್ಕಳೂ ಕೇಳುವುದಿಲ್ಲ. ಅಲ್ಲಿಂದಲೇ ಶುರು ಮಾಡುತ್ತೇನೆ. ಉದ್ದ ಆಗುತ್ತದೆ, ಚಹಾ ಇಟ್ಟುಕೊಂಡು ಓದಿ.

ಮೈಯ ಕೋಶಗಳೆಲ್ಲ ಒಂದೇ ಸಮನೆ ಎರಡಾಗುತ್ತಾ ಇರುವುದಿಲ್ಲ. ಮಿದುಳಿನ ನರಕೋಶ, ಹೃದಯದ ಸ್ನಾಯುಕೋಶ ನಾವು ದೊಡ್ಡವರಾದ ಮೇಲೆ ಹೆಚ್ಚುಕಮ್ಮಿ ಆ ಕೆಲಸವನ್ನೇ ಬಿಟ್ಟಿರುತ್ತವೆ. ಲಿವರ್ ಕೋಶಗಳೂ ಸುಮ್ನೆ ಇರುತ್ತವೆ. ಆದರೆ ಲಿವರಿನ ಒಂದು ಭಾಗ ಕತ್ತರಿಸಿ ತೆಗೆದರೆ ಎದ್ದು ಬೆಳೆಯುತ್ತವೆ, ಸಾಕಷ್ಟು ಆದ ಕೂಡಲೇ ನಿಲ್ಲುತ್ತವೆ. ಕರುಳಿನ ಒಳಪದರ ಮಾತ್ರ ಕೆಲವೇ ದಿನಕ್ಕೊಮ್ಮೆ ಹೊಸದಾಗುತ್ತದೆ. ಎಲುಬಿನ ಮಜ್ಜೆಯಂತೂ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣ ಮಾಡುತ್ತದೆ. ಅಂದರೆ ಎರಡಾಗುವುದನ್ನು ತಡೆಯುವ ಗುಳಿಗೆ ಕೊಟ್ಟರೆ ಹೃದಯಕ್ಕೆ, ಮಿದುಳಿಗೆ ಅದರ ಬಿಸಿ ತಟ್ಟುವುದು ಕಮ್ಮಿ. ತಟ್ಟುವುದು ಮಜ್ಜೆಗೆ. ಇದನ್ನು ನೆನಪಿಟ್ಟುಕೊಳ್ಳಿ, 7 ದಿನದ ರಜೆಯ ಗುಟ್ಟು ಇಲ್ಲೇ ಇದೆ.

ಎರಡಾಗಲು ಹೊರಟ ಕೋಶಕ್ಕೆ ಸುಮಾರು ಒಂದು ದಿನ ಬೇಕು. ಮೊದಲು ಬೆಳೆಯುವ ಹಂತ, ಅದು ಜಿ1. ಆಮೇಲೆ ಡಿಎನ್‌ಎ ನಕಲು ಮಾಡುವ ಎಸ್ ಹಂತ, ಏಳೆಂಟು ತಾಸು. ನಂತರ ಜಿ2, ನಕಲು ಪೂರ್ತಿ ಆಯಿತಾ ಎಂದು ನೋಡಿಕೊಳ್ಳುವ ಹೊತ್ತು. ಕೊನೆಗೆ ಎಂ ಹಂತ. 46 ಕ್ರೋಮೋಸೋಮ್‌ಗಳ ಎರಡೆರಡು ಪ್ರತಿಗಳನ್ನು ಆ ಬದಿಗೊಂದು ಈ ಬದಿಗೊಂದು ಎಳೆದು ಕೋಶ ಎರಡಾಗುತ್ತದೆ. ಇದು ಸುಮಾರು ಒಂದು ತಾಸಿನಲ್ಲಿ ಮುಗಿಯುತ್ತದೆ.

ಹಂತ ದಾಟುವಲ್ಲೆಲ್ಲ ತಪಾಸಣೆ ಇದೆ. ನಮ್ಮ ಮಾಜಾಳಿ ಚೆಕ್‌ಪೋಸ್ಟ್ ಇದ್ದ ಹಾಗೆ, ಗೋವಾದಿಂದ ಬಂದ ಗಾಡಿ ಡಿಕ್ಕಿ ತೆರೆದು ತೋರಿಸಿಯೇ ಮುಂದೆ ಹೋಗಬೇಕು. ಜಿ1ರ ಕೊನೆಯ ತಪಾಸಣೆ ಎಲ್ಲಕ್ಕಿಂತ ದೊಡ್ಡದು. ಅದನ್ನು ದಾಟಿದ ಕೋಶ ಮತ್ತೆ ಹೊರಗಿನವರ ಅಪ್ಪಣೆಗೆ ಕಾಯುವುದಿಲ್ಲ, ಮುಂದಿನ ತಪಾಸಣೆಯಲ್ಲಿ ಸಿಕ್ಕಿಬೀಳದಿದ್ದರೆ ಎರಡಾಗಿಯೇ ತೀರುತ್ತದೆ. ಅಂಥ ಒಂದು ಗಡಿ ಇದೆ ಎಂದು 1974ರಲ್ಲಿ ಆರ್ಥರ್ ಪಾರ್ಡಿ ತೋರಿಸಿದರು.

ಅಲ್ಲಿ ಕೂತಿರುವ ಪ್ರೋಟೀನಿನ ಹೆಸರು ಆರ್‌ಬಿ. ಡಿಎನ್‌ಎ ನಕಲಿಗೆ ಬೇಕಾದ ಜೀನುಗಳನ್ನು ಚಾಲೂ ಮಾಡುವುದು ಇ2ಎಫ್ ಎನ್ನುವ ಪ್ರೋಟೀನು. ಆರ್‌ಬಿ ಅದನ್ನು ಹಿಡಿದು ಕೂತಿರುತ್ತದೆ. ಹೊರಗಿನಿಂದ ‘ಬೆಳೆ’ ಎಂಬ ಸಂಕೇತ ಬಂದಾಗ ಕೋಶದೊಳಗೆ ಸೈಕ್ಲಿನ್ ಡಿ ಎಂಬ ಪ್ರೋಟೀನು ಏರುತ್ತದೆ. ಅದು ಸಿಡಿಕೆ4, ಸಿಡಿಕೆ6 ಎಂಬ ಎಂಜೈಮುಗಳ ಜೊತೆ ಸೇರುತ್ತದೆ. ಈ ಜೋಡಿ ಆರ್‌ಬಿಗೆ ಫಾಸ್ಫೇಟ್ ಅಂಟಿಸುತ್ತದೆ. ಫಾಸ್ಫೇಟ್ ಅಂಟಿದ ಆರ್‌ಬಿಯ ಹಿಡಿತ ಸಡಿಲಾಗುತ್ತದೆ, ಇ2ಎಫ್ ತಪ್ಪಿಸಿಕೊಳ್ಳುತ್ತದೆ, ನಕಲು ಶುರು.

ನಿಮ್ಮತ್ತೆಯ ಗಡ್ಡೆ ಇಆರ್ ಪಾಸಿಟಿವ್ ಅಲ್ವಾ? ಅಂದರೆ ಅದಕ್ಕೆ ‘ಬೆಳೆ’ ಎಂದು ಹೇಳುವುದು ಈಸ್ಟ್ರೊಜೆನ್ ಎಂಬ ಹಾರ್ಮೋನು. ಅದೇ ಸೈಕ್ಲಿನ್ ಡಿ ಏರಿಸುವುದು. ಲೆಟ್ರೊಜೋಲ್ ಈಸ್ಟ್ರೊಜೆನ್ ತಯಾರಾಗುವುದನ್ನೇ ತಗ್ಗಿಸುತ್ತದೆ. ಪಾಲ್ಬೊಸಿಕ್ಲಿಬ್ ಇನ್ನೊಂದು ಮೆಟ್ಟಿಲು ಕೆಳಗಿಳಿದು ಸಿಡಿಕೆ4 ಮತ್ತು 6ರ ಕೈ ಕಟ್ಟುತ್ತದೆ. ಆರ್‌ಬಿಗೆ ಫಾಸ್ಫೇಟ್ ಅಂಟುವುದಿಲ್ಲ, ಕೋಶ ಜಿ1ರಲ್ಲೇ ನಿಲ್ಲುತ್ತದೆ. ಒಂದೇ ದಾರಿಯನ್ನು ಎರಡು ಕಡೆ ಮುಚ್ಚುವುದು.

ಈಗ ಆ 7 ದಿನ. ಮಜ್ಜೆಯಲ್ಲಿ ಬಿಳಿ ರಕ್ತಕಣ ಹುಟ್ಟಿಸುವ ಕೋಶಗಳಿಗೂ ಸಿಡಿಕೆ6 ಬೇಕು. ಗುಳಿಗೆ ತಗೊಂಡಷ್ಟು ದಿನ ಅವೂ ನಿಲ್ಲುತ್ತವೆ, ಸೋಂಕಿನ ಜೊತೆ ಹೋರಾಡುವ ನ್ಯೂಟ್ರೋಫಿಲ್ ಎಂಬ ಬಿಳಿಕಣ ಇಳಿಯುತ್ತದೆ. ಹಳೆಯ ಕೀಮೋದಲ್ಲಿ ಅಂಥ ಕೋಶ ಸಾಯುತ್ತಿತ್ತು. ಇಲ್ಲಿ ಹೆಚ್ಚಾಗಿ ನಿಂತಿರುತ್ತದೆ ಅಷ್ಟೇ, ಗುಳಿಗೆ ಬಿಟ್ಟರೆ ಮತ್ತೆ ಹೊರಡುತ್ತದೆ. ಅದಕ್ಕೇ ಒಂದು ವಾರ ಬಿಡುವು, ಅದಕ್ಕೇ ರಕ್ತ ಪರೀಕ್ಷೆ. ಜ್ವರ ಬಂದರೆ ಮನೆಯಲ್ಲಿ ಕಷಾಯ ಕುಡಿಸಿ ಕಾಯಬೇಡಿ, ಕೂಡಲೇ ಡಾಕ್ಟರಿಗೆ ಫೋನ್ ಮಾಡಿ.

ಸೋದೆ ಹೊಳೆ (ಶಿರಸಿ)

ಟೀಚರ್, ಅತ್ತೆಗೆ ಓದಿ ಹೇಳಿದೆ. ‘ಆರ್‌ಬಿ ಅನ್ನೋದು ಗಟ್ಟಿ ಆಸಾಮಿ’ ಎಂದರು. ಆದರೆ ಇನ್ನೊಂದು ಕೇಳಿದರು: ಆ ಆರ್‌ಬಿಯೇ ಕೆಟ್ಟು ಹೋದರೆ?

ದೇವಬಾಗ್ ಟೀಚರ್ (ಕಾರವಾರ)

ಗುಳಿಗೆ ಕೆಲಸ ಮಾಡುವುದಿಲ್ಲ. ಆರ್‌ಬಿ ಇಲ್ಲದ ಕೋಶದಲ್ಲಿ ಸಿಡಿಕೆ ಕೈ ಕಟ್ಟಿ ಏನು ಪ್ರಯೋಜನ? ಕಾಲ ಹೋದಂತೆ ಕೆಲವು ಗಡ್ಡೆಗಳು ಹೀಗೆ ಗುಳಿಗೆಯಿಂದ ತಪ್ಪಿಸಿಕೊಳ್ಳುತ್ತವೆ. ಸೈಕ್ಲಿನ್ ಇ ಎಂಬ ಇನ್ನೊಂದನ್ನು ಜಾಸ್ತಿ ಮಾಡಿಕೊಂಡು ಬೇರೆ ದಾರಿ ಹಿಡಿಯುವುದೂ ಇದೆ. ಆಗ ಔಷಧ ಬದಲಿಸುತ್ತಾರೆ. ನಿಮ್ಮತ್ತೆ ಇಷ್ಟು ಚುರುಕಾಗಿದ್ದರೆ ಮುಂದಿನ ಸಲ ಡಾಕ್ಟರ ಹತ್ತಿರ ಅವರನ್ನೇ ಮಾತಾಡಲು ಬಿಡಿ.

ತದಡಿ ಬಂದರು

ಇದನ್ನೆಲ್ಲ ಯಾರು ಯಾವಾಗ ಕಂಡುಹಿಡಿದರು? ಇಷ್ಟು ಚಿಕ್ಕದರೊಳಗೆ ಯಾವುದು ಯಾವುದರ ಕೈ ಹಿಡಿದಿದೆ ಅಂತ ಹೇಗೆ ಗೊತ್ತಾಗುತ್ತದೆ ಮಾರಾಯ್ರೆ?

ದೇವಬಾಗ್ ಟೀಚರ್ (ಕಾರವಾರ)

ಕ್ಯಾನ್ಸರ್ ಹುಡುಕಲು ಹೋದವರಲ್ಲ ಅವರು. ಅಮೆರಿಕದ ಲೀಲ್ಯಾಂಡ್ ಹಾರ್ಟ್‌ವೆಲ್ ನೋಡಿದ್ದು ಬ್ರೆಡ್ಡಿಗೆ, ಪಾವಿಗೆ ಹಾಕುವ ಯೀಸ್ಟ್. ಎರಡಾಗುವ ದಾರಿಯಲ್ಲಿ ಒಂದೊಂದು ಕಡೆ ಸಿಕ್ಕಿಹಾಕಿಕೊಳ್ಳುವ ಯೀಸ್ಟ್‌ಗಳನ್ನು 1970ರ ಸುಮಾರಿಗೆ ಆರಿಸಿ ತೆಗೆದು, ಯಾವ ಜೀನ್ ಕೆಟ್ಟರೆ ಎಲ್ಲಿ ನಿಲ್ಲುತ್ತದೆ ಎಂದು ಪಟ್ಟಿ ಮಾಡಿದರು. ಇಂಗ್ಲೆಂಡಿನ ಪಾಲ್ ನರ್ಸ್ ಇನ್ನೊಂದು ಜಾತಿಯ ಯೀಸ್ಟ್ ಹಿಡಿದರು. ಅವರಿಗೆ ಸಾಕಷ್ಟು ಬೆಳೆಯುವ ಮೊದಲೇ ಎರಡಾಗುವ ಕುಳ್ಳ ಯೀಸ್ಟ್‌ಗಳು ಸಿಕ್ಕವು. ಅಂದರೆ ‘ಇನ್ನೂ ದೊಡ್ಡದಾಗು, ಆಮೇಲೆ ಹೋಗು’ ಎನ್ನುವ ತಪಾಸಣೆ ಅವುಗಳಲ್ಲಿ ಕೆಟ್ಟಿತ್ತು.

ಟಿಮ್ ಹಂಟ್ ಕಥೆ ತದಡಿಯವರಿಗೆ ಹಿಡಿಸಬೇಕು. ಕಡಲ ಬಂಡೆಗೆ ಅಂಟಿಕೊಂಡು ಮೈತುಂಬ ಮುಳ್ಳಿರುವ ಸೀ ಅರ್ಚಿನ್ ನೋಡಿರುತ್ತೀರಿ. ಅದರ ಮೊಟ್ಟೆಗಳನ್ನು ಒಟ್ಟಿಗೆ ಫಲಗೊಳಿಸಿದರೆ ಎಲ್ಲವೂ ಒಂದೇ ಹೊತ್ತಿಗೆ ಎರಡಾಗುತ್ತವೆ, ನಾಲ್ಕಾಗುತ್ತವೆ. 1982ರಲ್ಲಿ ಅಮೆರಿಕದ ವುಡ್ಸ್ ಹೋಲ್ ಎಂಬ ಕಡಲತೀರದ ಊರಿನಲ್ಲಿ ಅವರು ಸ್ವಲ್ಪ ಸ್ವಲ್ಪ ಹೊತ್ತಿಗೆ ಮೊಟ್ಟೆ ತೆಗೆದು ಒಳಗಿನ ಪ್ರೋಟೀನು ನೋಡುತ್ತಾ ಹೋದರು. ಉಳಿದವೆಲ್ಲ ಏರುತ್ತಾ ಹೋದರೆ ಒಂದು ಮಾತ್ರ ಏರುವುದು, ಕೋಶ ಎರಡಾಗುವ ಹೊತ್ತಿಗೆ ಥಟ್ಟನೆ ಇಲ್ಲವಾಗುವುದು, ಮತ್ತೆ ಏರುವುದು. ಅದೇ ಸೈಕ್ಲಿನ್.

1987ರಲ್ಲಿ ನರ್ಸ್ ತಂಡ ತಮ್ಮ ಯೀಸ್ಟ್‌ನ ಕೆಟ್ಟ ಸಿಡಿಕೆ ಜೀನಿನ ಬದಲಿಗೆ ಮನುಷ್ಯರ ಜೀನ್ ಹಾಕಿ ನೋಡಿತು. ಯೀಸ್ಟ್ ಬದುಕಿತು! ನೂರು ಕೋಟಿ ವರ್ಷದಷ್ಟು ಹಿಂದೆಯೇ ಬೇರೆಯಾದ ಎರಡು ಜೀವಗಳಲ್ಲಿ ಅದೇ ಭಾಗ, ಅದೇ ಕೆಲಸ. ನನಗೆ ಜೀವಶಾಸ್ತ್ರದಲ್ಲಿ ಇದಕ್ಕಿಂತ ದೊಡ್ಡ ಪ್ರಯೋಗ ಇಲ್ಲ. ಮೂವರಿಗೂ 2001ರಲ್ಲಿ ನೊಬೆಲ್ ಬಂತು.

ಚಾಲಿ ಭಾವ (ಸಿದ್ದಾಪುರ)

ಚೆನ್ನಾಗಿ ಬರೆಯುತ್ತಿದ್ದೀರಿ. ಆದರೆ ನನಗೊಂದು ತಕರಾರಿದೆ. ಕೋಶದೊಳಗಿನ ಜೀನ್ ಕೆಟ್ಟು ಕ್ಯಾನ್ಸರ್ ಬರುತ್ತದೆ ಅಂತಾದರೆ ನಮ್ಮ ಅಡಿಕೆಯ ಮೇಲೆ ಎಂತಕ್ಕೆ ಗೂಬೆ ಕೂರಿಸುವುದು? ನಮ್ಮಜ್ಜ ಎದ್ದ ಕೂಡಲೇ ಕವಳ (ಎಲೆಅಡಿಕೆ), ಊಟ ಆದ ಮೇಲೆ ಕವಳ, ಮಲಗುವ ಮೊದಲು ಕವಳ. ತೊಂಬತ್ತು ದಾಟಿ ಬದುಕಿದರು. ಆಚೆಮನೆಯ ಹೆಗಡೇರು ಒಂದು ಎಲೆ ಬಾಯಿಗೆ ಹಾಕಿದವರಲ್ಲ, ಅವರಿಗೆ ಕರುಳಿನ ಕ್ಯಾನ್ಸರ್. ಪೇಪರಿನಲ್ಲಿ ‘ಅಡಿಕೆ ಕ್ಯಾನ್ಸರ್‌ಕಾರಕ’ ಅಂತ ಒಂದು ಸಾಲು ಬಂದರೆ ನಮಗೆ ನಿದ್ದೆ ಇಲ್ಲ. ಕೊಳೆರೋಗದಿಂದ ಉಳಿದದ್ದನ್ನು ಮಾರಬೇಕಲ್ಲ.

ತದಡಿ ಬಂದರು

ಭಾವ ಬಂದರು, ಇನ್ನು ಈ ಚರ್ಚೆ ಮುಗಿಯುವುದಿಲ್ಲ 😄

ಸ್ಲೈಡ್ ನೋಡುವವ (ಕುಮಟಾ ಮೂಲ, ಈಗ ಹುಬ್ಬಳ್ಳಿ)

ಭಾವ, ನಮ್ಮ ಮನೆಯದೂ ತೋಟವೇ, ಬೇಜಾರು ಮಾಡಿಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1985ರಲ್ಲಿ ಹೊಗೆಸೊಪ್ಪು ಹಾಕಿದ ಕವಳವನ್ನು ಕ್ಯಾನ್ಸರ್‌ಕಾರಕ ಎಂದಿತ್ತು. ಹೊಗೆಸೊಪ್ಪು ಇಲ್ಲದ್ದರ ಬಗ್ಗೆ ಆಗ ತೀರ್ಮಾನ ಕೊಟ್ಟಿರಲಿಲ್ಲ. 2004ರಲ್ಲಿ ಬಂದ ವರದಿಯಲ್ಲಿ ಹೊಗೆಸೊಪ್ಪಿಲ್ಲದ ಕವಳವನ್ನೂ, ಬರೇ ಅಡಿಕೆಯನ್ನೂ ಮೊದಲ ಗುಂಪಿಗೆ, ಅಂದರೆ ಕ್ಯಾನ್ಸರ್ ತರುವುದು ಖಚಿತ ಎನ್ನುವ ಪಟ್ಟಿಗೆ ಸೇರಿಸಿದರು. ಇದು ತಿನ್ನುವುದರ ಬಗ್ಗೆ ಹೇಳಿದ್ದು. ಅಡಿಕೆ ಬೆಳೆಯುವುದು, ಸುಲಿಯುವುದು, ಬೇಯಿಸುವುದಕ್ಕೆ ಅನ್ವಯಿಸುವ ಮಾತಲ್ಲ. ಶಿರಸಿ ಸುಪಾರಿಗೆ 2019ರಲ್ಲಿ ಜಿಐ (ಊರಿನ ಹೆಸರಿನ ಗುರುತು) ಬಂದಾಗ ನಾನೂ ಖುಷಿಪಟ್ಟವನೇ. ಆದರೆ ದವಡೆ ಸಂದಿಯಲ್ಲಿ ರಾತ್ರಿಯಿಡೀ ಕವಳ ಇಟ್ಟುಕೊಂಡು ಮಲಗುವವರ ಸ್ಲೈಡ್ ನೋಡುವುದು ನಾನು. ಅಲ್ಲಿ ಜಿಐ ನೋಡಿ ಯಾರೂ ರಿಯಾಯಿತಿ ಕೊಡುವುದಿಲ್ಲ.

ದೇವಬಾಗ್ ಟೀಚರ್ (ಕಾರವಾರ)

ಭಾವನ ಅಜ್ಜನ ಪ್ರಶ್ನೆಗೆ ಉತ್ತರ ಬೇಕು, ಅದನ್ನು ಸುಮ್ನೆ ತಳ್ಳಿಹಾಕಬಾರದು.

ಒಂದು ಜೀನ್ ಕೆಟ್ಟರೆ ಕ್ಯಾನ್ಸರ್ ಆಗುವುದಿಲ್ಲ. ಒಂದರ ಮೇಲೊಂದು ಕೆಡಬೇಕು, ಅದೂ ಒಂದೇ ಕೋಶದ ವಂಶದಲ್ಲಿ. ಪ್ರತಿ ಜೀನಿಗೂ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಪ್ರತಿ ಇರುತ್ತದೆ. ಆರ್‌ಬಿಯಂಥ ತಡೆಯುವ ಜೀನಾದರೆ ಸಾಮಾನ್ಯವಾಗಿ ಎರಡೂ ಪ್ರತಿ ಹೋಗಬೇಕು. ಆಲ್ಫ್ರೆಡ್ ನಡ್ಸನ್ 1971ರಲ್ಲಿ ಚಿಕ್ಕ ಮಕ್ಕಳ ಕಣ್ಣಿನ ಕ್ಯಾನ್ಸರಿನ ಲೆಕ್ಕ ಹಾಕಿ ಹೇಳಿದ್ದು ಇದನ್ನೇ. ಒಂದು ಕೆಟ್ಟ ಪ್ರತಿಯನ್ನು ಹುಟ್ಟುತ್ತಲೇ ತಂದ ಮಗುವಿಗೆ ಬೇಗ ಬರುತ್ತದೆ, ಎಷ್ಟೋ ಸಲ ಎರಡೂ ಕಣ್ಣಿಗೆ. ಹಾಗೆ ತರದ ಮಗುವಿಗೆ ಬಹಳ ಅಪರೂಪ, ಬಂದರೂ ತಡವಾಗಿ, ಒಂದೇ ಕಣ್ಣಿಗೆ. ಆರ್‌ಬಿ ಜೀನ್ ಸಿಕ್ಕಿದ್ದು ಆ ಕಣ್ಣಿನ ಗಡ್ಡೆಯಿಂದಲೇ.

ಇನ್ನೊಂದು ದೊಡ್ಡ ಕಾವಲು ಪಿ53. ಮಾಮೂಲಿ ಕೋಶದಲ್ಲಿ ಇದು ಹುಟ್ಟಿದ ಹಾಗೇ ಒಡೆದು ಹೋಗುತ್ತಿರುತ್ತದೆ. ಡಿಎನ್‌ಎ ತುಂಡಾದರೆ ಒಡೆಯುವುದು ನಿಂತು ಪಿ53 ತುಂಬಿಕೊಳ್ಳುತ್ತದೆ. ಆಗ ಅದು ಪಿ21 ಎಂಬುದನ್ನು ಹೆಚ್ಚಿಸುತ್ತದೆ, ಪಿ21 ಸಿಡಿಕೆಗಳನ್ನು ತಡೆಯುತ್ತದೆ, ಕೋಶ ನಿಲ್ಲುತ್ತದೆ, ರಿಪೇರಿ ನಡೆಯುತ್ತದೆ. ರಿಪೇರಿ ಆಗದಷ್ಟು ಕೆಟ್ಟಿದ್ದರೆ ಕೋಶ ತಾನೇ ಸಾಯುತ್ತದೆ. ಮನುಷ್ಯರ ಕ್ಯಾನ್ಸರುಗಳಲ್ಲಿ ಹತ್ತಿರ ಹತ್ತಿರ ಅರ್ಧದಲ್ಲಿ ಈ ಪಿ53 ಕೆಟ್ಟಿರುತ್ತದೆ. ಅದು ಕೆಟ್ಟ ಮೇಲೆ ಮುಂದಿನ ತಪ್ಪುಗಳು ಯಾರ ಕಣ್ಣಿಗೂ ಬೀಳದೆ ಸೇರುತ್ತಾ ಹೋಗುತ್ತವೆ.

ಈಗ ಕವಳ. ಸುಣ್ಣ, ಅಡಿಕೆ, ಹೊಗೆಸೊಪ್ಪು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಕೂತಾಗ ಎರಡು ಕೆಲಸ ಆಗುತ್ತದೆ. ಒಂದು, ಡಿಎನ್‌ಎಗೆ ನೇರ ಪೆಟ್ಟು. ಇನ್ನೊಂದು, ಕೆನ್ನೆಯ ಒಳಚರ್ಮ ಗಾಯವಾಗಿ, ಅದನ್ನು ಮುಚ್ಚಲು ಕೋಶಗಳು ಜಾಸ್ತಿ ಸಲ ಎರಡಾಗಬೇಕು. ಎರಡಾದಷ್ಟೂ ನಕಲಿನ ತಪ್ಪಿಗೆ ಅವಕಾಶ. ಬಾಯಿ ಕ್ಯಾನ್ಸರಿನಲ್ಲಿ ಪಿ53 ಕೆಡುವುದು ತೀರಾ ಸಾಮಾನ್ಯ. ಪಿ16 ಎಂಬುದು ಹೋಗುವುದೂ ಸಾಮಾನ್ಯ. ಈ ಪಿ16 ಯಾರು ಗೊತ್ತಾ? ಸಿಡಿಕೆ4, 6ನ್ನು ತಡೆಯಲು ಮೈಯಲ್ಲೇ ಇರುವ ಪ್ರೋಟೀನು. ಸೋದೆಯವರ ಅತ್ತೆಯ ಗುಳಿಗೆ ಮಾಡುವ ಕೆಲಸವನ್ನು ಅದು ಪುಕ್ಕಟೆ ಮಾಡುತ್ತಿತ್ತು.

ಅಜ್ಜನ ಬಾಯಲ್ಲೂ ಕೆಲವು ಪೆಟ್ಟು ಬಿದ್ದಿರಬಹುದು. ಎಲ್ಲ ಪೆಟ್ಟುಗಳು ಒಂದೇ ಕೋಶಕ್ಕೆ ಬೀಳಲಿಲ್ಲ, ಅವರು ಗೆದ್ದರು. ಹೆಗಡೇರ ಕರುಳು ಕವಳ ಇಲ್ಲದೆಯೂ ದಿನಾ ಲೆಕ್ಕವಿಲ್ಲದಷ್ಟು ಕೋಶ ಮಾಡುವ ಜಾಗ. ಅಲ್ಲಿ ನಕಲಿನ ತಪ್ಪೇ ಸಾಕಾಯಿತೋ ಏನೋ. ಕವಳ ಬಿಟ್ಟ ಮೇಲೆ ಅಪಾಯ ಇಳಿಯುತ್ತದೆ, ಅದೂ ನಿಜ.

ಚಾಲಿ ಭಾವ (ಸಿದ್ದಾಪುರ)

‘ಪುಕ್ಕಟೆ ಮಾಡುತ್ತಿತ್ತು’ ಎಂಬುದು ನಾಟಿತು. ಹೊಗೆಸೊಪ್ಪು ನಾನು ಬಿಟ್ಟು ಕಾಲವಾಯಿತು. ಅಡಿಕೆ ಬಿಡುವುದು ನಮ್ಮಂಥವರಿಗೆ ಬಾಯಲ್ಲಿ ಹೇಳಿದಷ್ಟು ಸುಲಭ ಅಲ್ಲ. ಆದರೆ ದರದ ವಿಷಯದಲ್ಲಿ ನನ್ನ ಸಿಟ್ಟು ಹಾಗೇ ಇದೆ.

ಮುಂಡಗೋಡ ಮಳೆ

ದೊಡ್ಡ ಪ್ರಾಣಿಗೆ ಕೋಶ ಜಾಸ್ತಿ. ಹಾಗಿದ್ದರೆ ಆನೆಗೆ ನಮಗಿಂತ ಜಾಸ್ತಿ ಕ್ಯಾನ್ಸರ್ ಬರಬೇಕಲ್ಲ? ನಮ್ಮ ಭತ್ತದ ಗದ್ದೆಗೆ ಬರುವವು ಬಹಳ ಗಟ್ಟಿಮುಟ್ಟಾಗಿಯೇ ಇವೆ!

ದೇವಬಾಗ್ ಟೀಚರ್ (ಕಾರವಾರ)

ಬರಬೇಕಿತ್ತು, ಬರುವುದಿಲ್ಲ. ಆನೆಯಲ್ಲಿ ಪಿ53 ಜೀನ್ 20 ಕಡೆ ಇದೆ ಎಂದು 2015ರಲ್ಲಿ ಪ್ರಕಟವಾಯಿತು. ನಮ್ಮಲ್ಲಿ ಒಂದೇ ಕಡೆ. ಡಿಎನ್‌ಎ ಸ್ವಲ್ಪ ಕೆಟ್ಟರೂ ಆನೆಯ ಕೋಶ ರಿಪೇರಿಗೆ ಕೂರುವುದಕ್ಕಿಂತ ಬೇಗ ಸಾಯುತ್ತದೆ. ಗದ್ದೆ ವಿಷಯಕ್ಕೆ ನನ್ನ ಹತ್ತಿರ ಉಪಾಯ ಇಲ್ಲ.

ಯಾಣದ ದಾರಿ

ನಮ್ಮ ಘಟ್ಟದ ಗಿಡಗಳ ಬಗ್ಗೆ ಯಾರೂ ಹೇಳಲಿಲ್ಲ. ದುರ್ವಾಸನೆ ಮರದಲ್ಲಿ ಕ್ಯಾಂಪ್ಟೊಥೆಸಿನ್ ಇದೆ, ಅದಕ್ಕಾಗಿಯೇ ಸಹ್ಯಾದ್ರಿಯಲ್ಲಿ ಸಿಕ್ಕಾಪಟ್ಟೆ ಕಡಿದರು. ಅಂಗಳದ ನಿತ್ಯಪುಷ್ಪದಲ್ಲೂ ಕ್ಯಾನ್ಸರ್ ಔಷಧ ಇದೆ. ಎಲೆ ಕಷಾಯ ಮಾಡಿ ಕುಡಿದರೆ ಆಗದಾ? ಗುಳಿಗೆಗೆ ಅಷ್ಟು ದುಡ್ಡು ಎಂತಕ್ಕೆ?

ಸ್ಲೈಡ್ ನೋಡುವವ (ಕುಮಟಾ ಮೂಲ, ಈಗ ಹುಬ್ಬಳ್ಳಿ)

ಆಗುವುದಿಲ್ಲ, ದಯವಿಟ್ಟು ಬೇಡ. ಎರಡೂ ಔಷಧ ನಿಜ. ಡಿಎನ್‌ಎ ನಕಲು ಮಾಡುವಾಗ ಎಳೆಯ ಸಿಕ್ಕು ಬಿಡಿಸಲು ಒಂದು ಎಂಜೈಮು ಅದನ್ನು ಕತ್ತರಿಸಿ ಮತ್ತೆ ಬೆಸೆಯುತ್ತದೆ. ಕ್ಯಾಂಪ್ಟೊಥೆಸಿನ್ ಬೆಸೆಯಲು ಬಿಡುವುದಿಲ್ಲ, ಎಸ್ ಹಂತದಲ್ಲಿದ್ದ ಕೋಶದ ಡಿಎನ್‌ಎ ತುಂಡಾಗುತ್ತದೆ. ಅದನ್ನೇ ಮಾರ್ಪಡಿಸಿ ಇರಿನೊಟೆಕಾನ್, ಟೊಪೊಟೆಕಾನ್ ಮಾಡಿದ್ದು. ನಿತ್ಯಪುಷ್ಪದ ವಿನ್‌ಕ್ರಿಸ್ಟಿನ್ ಎಂ ಹಂತದಲ್ಲಿ ಕ್ರೋಮೋಸೋಮ್ ಎಳೆಯುವ ನೂಲುಗಳನ್ನೇ ಕಟ್ಟಲು ಬಿಡುವುದಿಲ್ಲ. ಒಂದೇ ಒಂದು ಕ್ರೋಮೋಸೋಮ್‌ಗೆ ನೂಲು ಸಿಗದಿದ್ದರೂ ಕೋಶ ಅಲ್ಲೇ ತಡೆದು ನಿಲ್ಲುತ್ತದೆ.

ಆದರೆ ಗ್ರಾಂ ಲೆಕ್ಕದ ವಿನ್‌ಕ್ರಿಸ್ಟಿನ್‌ಗೆ ನೂರಾರು ಕಿಲೋ ಎಲೆ ಬೇಕು. ಕೊಡುವುದು ಮಿಲಿಗ್ರಾಂನಲ್ಲಿ, ರಕ್ತನಾಳಕ್ಕೆ, ತೂಕ ಮತ್ತು ಎತ್ತರದ ಲೆಕ್ಕ ಹಾಕಿ. ಕಷಾಯದಲ್ಲಿ ಎಷ್ಟು ಹೋಯಿತು ಎಂದು ಅಳೆಯುವವರು ಯಾರು? ಬೆಲೆಯ ಮಾತು ಹೇಳುವುದಾದರೆ, ಪಾಲ್ಬೊಸಿಕ್ಲಿಬ್ ಪೇಟೆಂಟ್ ಭಾರತದಲ್ಲಿ 2023ರ ಜನವರಿಯಲ್ಲಿ ಮುಗಿದಿದೆ. ಈಗ ಬೇರೆ ಬೇರೆ ಕಂಪನಿಗಳು ಮಾಡುತ್ತವೆ, ಮೊದಲಿನಷ್ಟು ದುಬಾರಿ ಇಲ್ಲ.

ಕಾಳಿ ದಂಡೆ

ಎಲ್ಲ ಸರಿ, ಕೈಗಾ ಅಣುಸ್ಥಾವರದ ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲ ಯಾಕೆ?

ನಿರ್ವಾಹಕ

ಕೈಗಾಕ್ಕೆ ಬೇರೆ ಎಳೆ ಇದೆ, ಅಲ್ಲಿ ಬರೆಯಿರಿ. ಇಲ್ಲಿ ಶುರುವಾದರೆ ಸೋದೆಯವರ ಪ್ರಶ್ನೆ ಮುಳುಗಿ ಹೋಗುತ್ತದೆ.

ತದಡಿ ಬಂದರು

ಸ್ಲೈಡಿನವರೇ, ಒಂದು ಕೇಳುವುದಿತ್ತು. ದೋಣಿಯಲ್ಲಿ ರಾತ್ರಿ ನಿದ್ದೆ ಬಾರದಿರಲಿ ಅಂತ ಅಡಿಕೆಪುಡಿ ಪ್ಯಾಕೆಟ್ ಬಾಯಿಗೆ ಹಾಕುತ್ತೇವೆ. ಈಚೆಗೆ ಖಾರದ ಮೀನುಸಾರು ತಿಂದರೆ ಬಾಯಿ ಉರಿಯುತ್ತದೆ. ಇದೂ ಅದೇನಾ?

ಸ್ಲೈಡ್ ನೋಡುವವ (ಕುಮಟಾ ಮೂಲ, ಈಗ ಹುಬ್ಬಳ್ಳಿ)

ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ನೆಟ್ಟಗೆ ಹೋಗುತ್ತದಾ ನೋಡಿ. ಕನ್ನಡಿ ಹಿಡಿದು ಕೆನ್ನೆ ಒಳಗೆ, ನಾಲಿಗೆ ಅಡಿಗೆ ಬಿಳಿ ಮಚ್ಚೆ, ಕೆಂಪು ಮಚ್ಚೆ, ಎರಡು ಮೂರು ವಾರದಿಂದ ಮಾಯದ ಹುಣ್ಣು ಇದೆಯಾ ನೋಡಿ.

ತದಡಿ ಬಂದರು

ಎರಡು ಹೋಗುತ್ತದೆ. ಮೂರನೆಯದು ಹೋಗುವುದಿಲ್ಲ. ಮಚ್ಚೆ ಕಾಣುವುದಿಲ್ಲ, ಒಳಗೆಲ್ಲ ಬಿಳಚಿದ ಹಾಗಿದೆ.

ಸ್ಲೈಡ್ ನೋಡುವವ (ಕುಮಟಾ ಮೂಲ, ಈಗ ಹುಬ್ಬಳ್ಳಿ)

ಇದು ಕ್ಯಾನ್ಸರ್ ಅಂತ ನಾನು ಹೇಳುತ್ತಿಲ್ಲ. ಅಡಿಕೆಯಿಂದ ಕೆನ್ನೆ ಒಳಗೆ ನಾರು ಕಟ್ಟಿ ಬಾಯಿ ಬಿಗಿಯಾಗುವ ಒಂದು ಕಾಯಿಲೆ ಇದೆ, ಅದೇ ಇರಬೇಕೆಂಬ ಅನುಮಾನ. ಕಟ್ಟಿದ ನಾರು ಪೂರ್ತಿ ಕರಗುವುದಿಲ್ಲ. ಅಂಥ ಬಾಯಲ್ಲಿ ಮುಂದೆ ಕ್ಯಾನ್ಸರ್ ಬರುವ ಅಪಾಯ ಜಾಸ್ತಿ. ಪ್ಯಾಕೆಟ್ ಇವತ್ತೇ ಬಿಡಿ. ಕುಮಟಾ ತಾಲೂಕು ಆಸ್ಪತ್ರೆಯಲ್ಲಿ ಹಲ್ಲಿನ ಡಾಕ್ಟರಿಗೆ ತೋರಿಸಿ, ‘ಬಾಯಿ ಪೂರ್ತಿ ತೆರೆಯಲು ಆಗುವುದಿಲ್ಲ, ಖಾರ ಉರಿಯುತ್ತದೆ’ ಎಂದು ಇದೇ ಮಾತಿನಲ್ಲಿ ಹೇಳಿ. ಬೇಕಾದರೆ ನಾನೂ ಬರುತ್ತೇನೆ, ಶನಿವಾರ ಊರಲ್ಲಿರುತ್ತೇನೆ.

ತದಡಿ ಬಂದರು

ಶನಿವಾರ ದೋಣಿ ಇಲ್ಲ. ಬರುತ್ತೇನೆ.

ಸೋದೆ ಹೊಳೆ (ಶಿರಸಿ)

ನಮ್ಮ ಸುದ್ದಿ: ಮೊದಲ ಸುತ್ತು ಮುಗಿಯಿತು. ಈ ಸಲ ಅತ್ತೆಯೇ ಮಾತಾಡಿದರು. ಆರ್‌ಬಿ ಇದೆಯಾ ಇಲ್ಲವಾ ಅಂತ ಪರೀಕ್ಷೆ ಮಾಡುತ್ತೀರಾ ಎಂದು ಕೇಳಿದಾಗ ಡಾಕ್ಟರು ಒಂದು ಕ್ಷಣ ನಮ್ಮಿಬ್ಬರನ್ನೂ ನೋಡಿದರು. ಗುಳಿಗೆ ಶುರು ಮಾಡಲು ಅದನ್ನು ನೋಡುವ ರೂಢಿ ಇಲ್ಲ, ಇಆರ್ ಪಾಸಿಟಿವ್ ಇದ್ದರೆ ಹೆಚ್ಚಿನವರಲ್ಲಿ ಆರ್‌ಬಿ ಇರುತ್ತದೆ ಎಂದರು. ನ್ಯೂಟ್ರೋಫಿಲ್ 1,200ಕ್ಕೆ ಇಳಿದಿದೆ, ಆದರೂ ಎರಡನೇ ಸುತ್ತು ಶುರು ಮಾಡಬಹುದಂತೆ. ಮುಂದಿನ ರಕ್ತ ಪರೀಕ್ಷೆಗೆ ಹುಬ್ಬಳ್ಳಿಗೆ ಹೋಗಬೇಕಾಗಿಲ್ಲ. ಶಿರಸಿಯಲ್ಲೇ ಮಾಡಿಸಿ ರಿಪೋರ್ಟ್ ವಾಟ್ಸಾಪ್ ಮಾಡಿದರೆ ಸಾಕು ಎಂದಿದ್ದಾರೆ.